ಆಕರಕೋಶಗಳ ಕಿರುಚೀಲಗಳು ಸತ್ತ ಹೃದಯಸ್ನಾಯುವನ್ನು ಮರಳಿ ಬೆಳೆಸಬಲ್ಲವೇ?

ಪ್ರಶ್ನೆ: ನನ್ನ ತಂದೆಯವರಿಗೆ 61 ವರ್ಷ. ಎಂಟು ತಿಂಗಳ ಹಿಂದೆ ಹೃದಯಾಘಾತವಾಯಿತು. ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಒಂಬತ್ತು ಗಂಟೆ ಕಳೆದಿತ್ತು. ಸ್ಟೆಂಟ್ ಹಾಕಿದರು. ಈಗ ಎಕೋದಲ್ಲಿ ಪಂಪಿಂಗ್ ಶೇ 32 ಎಂದು ಬಂದಿದೆ, ಅಂಗಳ ದಾಟಿ ತೋಟಕ್ಕೆ ಇಳಿದರೆ ಏದುಸಿರು ಬರುತ್ತದೆ. ಪರಿಚಿತರು ಹೇಳಿದ ಒಂದು ಕ್ಲಿನಿಕ್‌ನಲ್ಲಿ ವಿಚಾರಿಸಿದೆವು. ಆಕರಕೋಶಗಳಿಂದ (ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ತೆಗೆದ ಎಕ್ಸೋಸೋಮ್‌ಗಳನ್ನು ಡ್ರಿಪ್‌ನಲ್ಲಿ ಮೂರು ಬಾರಿ ಕೊಟ್ಟರೆ ಸತ್ತ ಸ್ನಾಯು ಮತ್ತೆ ಬೆಳೆಯುತ್ತದೆ, ಆರು ಲಕ್ಷ ಆಗುತ್ತದೆ ಎಂದರು. ತೋಟದ ಮೇಲೆ ಸಾಲ ತೆಗೆಯೋಣ ಎಂದು ನಾವು, ಬೇಡ ಎಂದು ಅಪ್ಪ. ಈ ಚಿಕಿತ್ಸೆ ನಿಜವೇ? — ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಸಾಲ ತೆಗೆಯಬೇಡಿ. ಈ ವಿಷಯದಲ್ಲಿ ನಿಮ್ಮ ತಂದೆಯವರ ಮಾತೇ ಸರಿ. ಇದನ್ನು ಮೊದಲೇ ಹೇಳಿಬಿಡುತ್ತಿರುವುದಕ್ಕೆ ಕಾರಣವಿದೆ: ಮುಂದೆ ನಾನು ಬರೆಯುವುದರಲ್ಲಿ ಎಕ್ಸೋಸೋಮ್ ಎಂಬ ಈ ಕಿರುಚೀಲಗಳ ಬಗ್ಗೆ ಮೆಚ್ಚುಗೆಯ ಮಾತುಗಳೂ ಬರುತ್ತವೆ, ಅವನ್ನು ಓದಿ ನೀವು ಮತ್ತೆ ಗೊಂದಲಕ್ಕೆ ಬೀಳಬಾರದು. ಕ್ಲಿನಿಕ್‌ನವರು ಬಳಸಿದ ಪದಗಳು ಕಟ್ಟುಕತೆಯಲ್ಲ; ಪ್ಯಾರಿಸ್, ಲಾಸ್ ಏಂಜಲೀಸ್, ಸಿಂಗಪುರದ ಒಳ್ಳೆಯ ಪ್ರಯೋಗಾಲಯಗಳಲ್ಲಿ ಈ ಕೆಲಸ ಗಂಭೀರವಾಗಿ ನಡೆಯುತ್ತಿದೆ. ಆದರೆ ಆ ಪ್ರಯೋಗಾಲಯಗಳಲ್ಲಿ ಯಾರೂ 'ಸತ್ತ ಸ್ನಾಯು ಮತ್ತೆ ಬೆಳೆಯುತ್ತದೆ' ಎಂದು ರೋಗಿಗೆ ಭರವಸೆ ಕೊಡುವ ಸ್ಥಿತಿಯಲ್ಲಿಲ್ಲ.

ನಿಮ್ಮ ತಂದೆಯವರ ಹೃದಯದಲ್ಲಿ ಏನಾಗಿದೆ ಎಂಬುದರಿಂದ ಆರಂಭಿಸುತ್ತೇನೆ. ದೇಹಕ್ಕೆಲ್ಲ ರಕ್ತವನ್ನು ತಳ್ಳುವ ಎಡ ಹೃತ್ಕುಕ್ಷಿಯಲ್ಲಿ ಸುಮಾರು 200ರಿಂದ 400 ಕೋಟಿ ಸ್ನಾಯುಕೋಶಗಳಿರುತ್ತವೆ. ಒಂದೊಂದು ಬಡಿತಕ್ಕೆ ಅದು ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲನ್ನು ಹೊರದೂಡುತ್ತದೆ ಎಂಬುದೇ ಎಕೋ ಎಂಬ ಹೃದಯದ ಸ್ಕ್ಯಾನ್ ಹೇಳುವ 'ಪಂಪಿಂಗ್' ಅಂಕಿ. ಮುಖ್ಯ ರಕ್ತನಾಳವೊಂದು ಹೆಪ್ಪಿನಿಂದ ಮುಚ್ಚಿ, ಗಂಟೆಗಟ್ಟಲೆ ತೆರೆಯದೆ ಉಳಿದರೆ, ಒಂದೇ ದಿನದೊಳಗೆ ಇವುಗಳಲ್ಲಿ ನೂರು ಕೋಟಿಯಷ್ಟು ಸತ್ತುಹೋಗಬಹುದು. ಸತ್ತ ಜಾಗವನ್ನು ದೇಹ ಬರಿದಾಗಿ ಬಿಡುವುದಿಲ್ಲ, ಹಾಗೆ ಬಿಟ್ಟರೆ ಗೋಡೆಯೇ ಒಡೆದೀತು. ಅಲ್ಲಿ ನಾರಿನಂತಹ ಗಟ್ಟಿ ಅಂಗಾಂಶವನ್ನು ತುಂಬುತ್ತದೆ. ಗಾಯದ ಈ ಕಲೆ ಗೋಡೆಯನ್ನು ಹಿಡಿದಿಡುತ್ತದೆ, ಆದರೆ ಸಂಕುಚಿಸುವುದಿಲ್ಲ. ಉಳಿದ ಸ್ನಾಯುವಿನ ಮೇಲೆ ಹೊರೆ ಹೆಚ್ಚಾಗಿ, ವರ್ಷಗಳಲ್ಲಿ ಹೃದಯ ಹಿಗ್ಗುತ್ತಾ ಸೋಲುತ್ತದೆ.

ಚರ್ಮ ಹರಿದರೆ ಕೂಡುತ್ತದೆ, ಯಕೃತ್ತು ಕತ್ತರಿಸಿದರೂ ಬೆಳೆಯುತ್ತದೆ, ಹೃದಯಕ್ಕೆ ಮಾತ್ರ ಏಕೆ ಈ ಗತಿ ಎಂಬ ಪ್ರಶ್ನೆಗೆ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಯೊನಾಸ್ ಫ್ರಿಸೆನ್ ಅವರ ತಂಡ 2009ರಲ್ಲಿ ಕೊಟ್ಟ ಉತ್ತರ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಏಕಾಏಕಿ ಏರಿ, 1963ರ ಪರೀಕ್ಷಾ ನಿಷೇಧ ಒಪ್ಪಂದದ ನಂತರ ನಿಧಾನವಾಗಿ ಇಳಿಯಿತು. ಕೋಶವೊಂದು ಹುಟ್ಟಿದ ವರ್ಷದ ಗಾಳಿಯ ಗುರುತು ಅದರ ಡಿಎನ್‌ಎಯಲ್ಲಿ ಉಳಿಯುವುದರಿಂದ, ಮೃತರ ಹೃದಯಸ್ನಾಯುವಿನಲ್ಲಿ ಆ ಇಂಗಾಲವನ್ನು ಅಳೆದು ಕೋಶಗಳ ವಯಸ್ಸನ್ನು ಲೆಕ್ಕ ಹಾಕಿದರು. 25ನೇ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ 1ರಷ್ಟು ಸ್ನಾಯುಕೋಶಗಳು ಹೊಸದಾಗುತ್ತವೆ, 75ರಲ್ಲಿ ಅದು ಶೇ 0.45ಕ್ಕೆ ಇಳಿಯುತ್ತದೆ ಎಂದು ತಿಳಿಯಿತು. ಅಂದರೆ ಹೃದಯ ಹೊಸ ಕೋಶಗಳನ್ನು ಹುಟ್ಟಿಸುವುದೇ ಇಲ್ಲವೆಂದಲ್ಲ, ಆದರೆ ನೂರು ಕೋಟಿಯ ನಷ್ಟವನ್ನು ತುಂಬಿಕೊಳ್ಳಲು ಆ ವೇಗ ಏತಕ್ಕೂ ಸಾಲದು.

ಹಾಗಾದರೆ ಹೊರಗಿನಿಂದ ಕೋಶಗಳನ್ನು ತಂದು ಬಿತ್ತೋಣ ಎಂಬ ಆಲೋಚನೆ ಸಹಜವಾಗಿಯೇ ಬಂತು. 2001ರಲ್ಲಿ ಅಮೆರಿಕದ ಪಿಯೆರೋ ಆನ್‌ವರ್ಸಾ ಮತ್ತು ಸಂಗಡಿಗರು, ಇಲಿಯ ಅಸ್ಥಿಮಜ್ಜೆಯ ಕೋಶಗಳು ಗಾಯಗೊಂಡ ಹೃದಯದಲ್ಲಿ ಹೊಸ ಸ್ನಾಯುವಾಗಿ ಬೆಳೆದವು ಎಂದು ವರದಿ ಮಾಡಿದಾಗ ಜಗತ್ತಿನಾದ್ಯಂತ ಆಸ್ಪತ್ರೆಗಳು ಇದರ ಹಿಂದೆ ಹೊರಟವು. 2004ರಲ್ಲಿ ಬೇರೆ ಎರಡು ತಂಡಗಳು ಅದೇ ಪ್ರಯೋಗವನ್ನು ಹೆಚ್ಚು ಕಟ್ಟುನಿಟ್ಟಾಗಿ ಮಾಡಿ ನೋಡಿದಾಗ, ಆ ಕೋಶಗಳು ಹೃದಯಸ್ನಾಯುವಾಗಿ ಬದಲಾಗಲೇ ಇಲ್ಲ. ವಯಸ್ಕ ಹೃದಯದೊಳಗೇ ಆಕರಕೋಶಗಳಿವೆ ಎಂಬ ಆನ್‌ವರ್ಸಾ ಅವರ ಮುಂದಿನ ವಾದದ ಕಥೆ ಇನ್ನೂ ನೋವಿನದು: 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಬ್ರಿಗಮ್ ಆಸ್ಪತ್ರೆ, ಆ ಪ್ರಯೋಗಾಲಯದಿಂದ ಬಂದ 31 ಪ್ರಬಂಧಗಳಲ್ಲಿ ದತ್ತಾಂಶ ತಿರುಚಲಾಗಿದೆ ಅಥವಾ ಸೃಷ್ಟಿಸಲಾಗಿದೆ ಎಂದು ಹೇಳಿ, ಅವನ್ನು ಹಿಂಪಡೆಯುವಂತೆ ಪತ್ರಿಕೆಗಳನ್ನು ಕೋರಿದವು. ಇಷ್ಟರಲ್ಲಿ ಸಾವಿರಾರು ರೋಗಿಗಳು ಇಂತಹ ಪ್ರಯೋಗಗಳಲ್ಲಿ ಪಾಲ್ಗೊಂಡಿದ್ದರು. ಅಸ್ಥಿಮಜ್ಜೆಯ ಕೋಶಗಳು ಸಾವನ್ನು ತಗ್ಗಿಸುತ್ತವೆಯೇ ಎಂದು ನೋಡಲು ಯುರೋಪಿನಲ್ಲಿ ಮೂರು ಸಾವಿರ ರೋಗಿಗಳ ಪ್ರಯೋಗವೊಂದನ್ನು ಯೋಜಿಸಿದ್ದರು. ಅದಕ್ಕೆ ದೊರೆತವರು 375 ಮಂದಿ, 2020ರಲ್ಲಿ ಪ್ರಕಟವಾದ ಫಲಿತಾಂಶದಿಂದ ಯಾವ ತೀರ್ಮಾನಕ್ಕೂ ಬರಲಾಗಲಿಲ್ಲ.

ಈ ಸೋಲಿನ ನಡುವೆಯೇ ಒಂದು ವಿಚಿತ್ರ ಸಂಗತಿ ಸಂಶೋಧಕರನ್ನು ಕಾಡುತ್ತಿತ್ತು. ಹೃದಯಕ್ಕೆ ಚುಚ್ಚಿದ ಕೋಶಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಕಾಣೆಯಾಗುತ್ತಿದ್ದವು, ಆದರೂ ಪ್ರಾಣಿಗಳ ಹೃದಯದ ಕೆಲಸ ಅನೇಕ ಬಾರಿ ಸುಧಾರಿಸುತ್ತಿತ್ತು. ಬಿತ್ತಿದ ಬೀಜ ಮೊಳೆಯದಿದ್ದರೂ ಹೊಲ ಹಸಿರಾದರೆ ಬೀಜದ ಜೊತೆಗೆ ಬಿದ್ದ ಇನ್ನೇನನ್ನೋ ಅನುಮಾನಿಸಬೇಕಾಗುತ್ತದೆ. 2005ರಲ್ಲಿ ವಿಕ್ಟರ್ ಜಾವ್ ಅವರ ತಂಡ, ಅಸ್ಥಿಮಜ್ಜೆಯಂತಹ ಅಂಗಾಂಶಗಳಲ್ಲಿ ಸಿಗುವ ಮೆಸೆಂಕೈಮಲ್ ಎಂಬ ಬಗೆಯ ಆಕರಕೋಶಗಳನ್ನು ಬೆಳೆಸಿದ ದ್ರವವನ್ನಷ್ಟೇ ಕೊಟ್ಟರೂ ಹೃದಯಕ್ಕೆ ರಕ್ಷಣೆ ಸಿಗುತ್ತದೆ ಎಂದು ತೋರಿಸಿತು. ಆ ದ್ರವದಲ್ಲಿ ಕೆಲಸ ಮಾಡುವ ವಸ್ತು ಯಾವುದೆಂದು ಶೋಧಿಸುತ್ತಾ ಹೋದ ಸಿಂಗಪುರದ ಸಾಯ್ ಕಿಯಾಂಗ್ ಲಿಮ್ ಅವರ ತಂಡ, 2010ರಲ್ಲಿ ಕೋಶಗಳು ಹೊರಬಿಡುವ ಅತಿ ಸಣ್ಣ ಚೀಲಗಳತ್ತ ಬೊಟ್ಟು ಮಾಡಿತು. ಅವನ್ನು ಕೊಟ್ಟ ಇಲಿಗಳಲ್ಲಿ ಹೃದಯಾಘಾತದಿಂದ ಸಾಯುವ ಸ್ನಾಯುವಿನ ಪ್ರಮಾಣ ಕಡಿಮೆಯಾಗಿತ್ತು.

ಇವೇ ನಿಮ್ಮ ಕ್ಲಿನಿಕ್‌ನವರು ಎಕ್ಸೋಸೋಮ್ ಎಂದು ಕರೆದವು. ನಮ್ಮ ದೇಹದ ಬಹುತೇಕ ಎಲ್ಲ ಕೋಶಗಳೂ ಕೊಬ್ಬಿನ ಪೊರೆಯಿಂದ ಮಾಡಿದ ಕಿರುಚೀಲಗಳನ್ನು ಸದಾ ಹೊರಕ್ಕೆ ಬಿಡುತ್ತಿರುತ್ತವೆ. ವೆಸಿಕಲ್ ಎಂಬುದು ಇವುಗಳ ಸಾಮಾನ್ಯ ಹೆಸರು. ಕೋಶದೊಳಗಿನ ಒಂದು ನಿರ್ದಿಷ್ಟ ದಾರಿಯಲ್ಲಿ ತಯಾರಾಗಿ ಬರುವ, ಹೆಚ್ಚುಕಡಿಮೆ 30ರಿಂದ 150 ನ್ಯಾನೋಮೀಟರ್ ಅಡ್ಡಳತೆಯವಕ್ಕೆ ಎಕ್ಸೋಸೋಮ್ ಎನ್ನುತ್ತಾರೆ. ನೂರು ನ್ಯಾನೋಮೀಟರ್‌ನ ಇಂತಹ ಎಪ್ಪತ್ತನ್ನು ಸಾಲಾಗಿ ಇಟ್ಟರೆ ಒಂದು ಕೆಂಪು ರಕ್ತಕಣದ ಅಗಲವಾದೀತು. 1983ರಲ್ಲಿ ಎಳೆಯ ಕೆಂಪು ರಕ್ತಕಣಗಳಲ್ಲಿ ಇವನ್ನು ಗುರುತಿಸಿದಾಗ, ಕೋಶ ತನಗೆ ಬೇಡವಾದುದನ್ನು ಕಟ್ಟಿ ಎಸೆಯುವ ಪೊಟ್ಟಣಗಳೆಂದೇ ಬಹುಮಂದಿ ತಿಳಿದಿದ್ದರು. 2007ರಲ್ಲಿ ಸ್ವೀಡನ್ನಿನ ಯಾನ್ ಲೋಟ್ವಾಲ್ ಅವರ ತಂಡ ಇವುಗಳೊಳಗೆ ಜೀನ್‌ಗಳ ಸಂದೇಶ ಹೊರುವ ಆರ್‌ಎನ್‌ಎ ಎಂಬ ಅಣು ಇದೆ, ಅದು ಬೇರೊಂದು ಕೋಶವನ್ನು ಹೊಕ್ಕು ಅಲ್ಲಿ ಕೆಲಸವನ್ನೂ ಮಾಡುತ್ತದೆ ಎಂದು ತೋರಿಸಿದ ಮೇಲೆ ನೋಟವೇ ಬದಲಾಯಿತು. ಕಸವೆಂದುಕೊಂಡದ್ದು ಕೋಶದಿಂದ ಕೋಶಕ್ಕೆ ಹೋಗುವ ಓಲೆಯಾಗಿತ್ತು.

ಆ ಓಲೆಗಳಲ್ಲಿ ಪ್ರೋಟೀನುಗಳೂ, ಮೈಕ್ರೋ ಆರ್‌ಎನ್‌ಎ ಎಂಬ ತುಣುಕುಗಳೂ ಇರುತ್ತವೆ. ಈ ತುಣುಕುಗಳು ತಲುಪಿದ ಕೋಶದಲ್ಲಿ ಯಾವ ಪ್ರೋಟೀನು ಎಷ್ಟು ತಯಾರಾಗಬೇಕೆಂಬುದನ್ನು ಹದಗೊಳಿಸುತ್ತವೆ. ಇವುಗಳ ಶೋಧಕ್ಕೇ 2024ರ ನೊಬೆಲ್ ವೈದ್ಯಕೀಯ ಪ್ರಶಸ್ತಿ ಸಂದಿತು. ಲಾಸ್ ಏಂಜಲೀಸಿನ ಸೀಡರ್ಸ್-ಸೈನಾಯ್ ಆಸ್ಪತ್ರೆಯ ಎಡ್ವರ್ಡೊ ಮಾರ್ಬಾನ್ ಅವರ ತಂಡ 2014ರಲ್ಲಿ, ಹೃದಯದಿಂದಲೇ ತೆಗೆದು ಬೆಳೆಸಿದ ಕೋಶಗಳ ಚೀಲಗಳಲ್ಲಿ ಮಿರ್-146ಎ ಎಂಬ ತುಣುಕು ಹೇರಳವಾಗಿದೆ, ಅವುಗಳ ಪ್ರಯೋಜನದ ಒಂದು ಭಾಗ ಅದರಿಂದ ಬರುತ್ತದೆ ಎಂದು ವರದಿ ಮಾಡಿತು. ಒಟ್ಟಾರೆ ಪ್ರಾಣಿಗಳಲ್ಲಿ ಕಂಡಿರುವುದು ಇಷ್ಟು: ಸಾಯುವ ಅಂಚಿನಲ್ಲಿರುವ ಸ್ನಾಯುಕೋಶಗಳು ಬದುಕಿ ಉಳಿಯುತ್ತವೆ, ಗಾಯಕ್ಕೆ ಧಾವಿಸಿ ಬರುವ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಉರಿಯೂತ ಹೆಚ್ಚಿಸುವ ಬದಲು ದುರಸ್ತಿಯತ್ತ ವಾಲುತ್ತವೆ, ಸಣ್ಣ ರಕ್ತನಾಳಗಳು ಕವಲೊಡೆಯುತ್ತವೆ, ನಾರುಗಟ್ಟುವಿಕೆ ಮಿತಿಯಲ್ಲಿರುತ್ತದೆ.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಇದರಲ್ಲಿ ಹೆಚ್ಚಿನದು ಉಳಿಸುವ ಕೆಲಸ, ಹೊಸದಾಗಿ ಬೆಳೆಸುವ ಕೆಲಸವಲ್ಲ. ಪ್ರಾಣಿಗಳ ಬಹಳಷ್ಟು ಪ್ರಯೋಗಗಳಲ್ಲಿ ಚೀಲಗಳನ್ನು ಕೊಟ್ಟದ್ದು ರಕ್ತನಾಳವನ್ನು ಮುಚ್ಚಿ ತೆರೆದ ನಿಮಿಷಗಳು, ಗಂಟೆಗಳು ಅಥವಾ ಕೆಲವು ದಿನಗಳೊಳಗೆ, ಕೋಶಗಳು ಸಾವು ಬದುಕಿನ ನಡುವೆ ತೂಗುತ್ತಿರುವಾಗ. ನಿಮ್ಮ ತಂದೆಯವರಿಗೆ ಎಂಟು ತಿಂಗಳಾಗಿದೆ. ಅವರ ಹೃದಯದ ಕಲೆ ಗಟ್ಟಿಯಾಗಿ ನೆಲೆಯೂರಿದೆ. ಹಳೆಯ ಕಲೆಯ ಮೇಲೂ ಪ್ರಾಣಿಗಳಲ್ಲಿ ಪ್ರಯೋಗಗಳು ನಡೆದಿವೆ, ಸ್ವಲ್ಪ ಸುಧಾರಣೆಯೂ ಕಂಡಿದೆ, ಆದರೆ ಕಲೆಯಾದ ಜಾಗದಲ್ಲಿ ಕಳೆದುಹೋದ ಕೋಟಿಗಟ್ಟಲೆ ಸ್ನಾಯುಕೋಶಗಳನ್ನು ಯಾವ ಕಿರುಚೀಲವೂ ಮನುಷ್ಯನಲ್ಲಿ ಮರಳಿ ತಂದದ್ದಿಲ್ಲ.

ಎರಡನೆಯ ತೊಡಕು, ಚೀಲಗಳು ಹೃದಯವನ್ನು ತಲುಪುವ ದಾರಿಯದು. ರಕ್ತನಾಳದ ಮೂಲಕ ಕೊಟ್ಟ ಚೀಲಗಳಲ್ಲಿ ಹೆಚ್ಚಿನವನ್ನು ಯಕೃತ್ತು, ಗುಲ್ಮ ಮತ್ತು ಶ್ವಾಸಕೋಶಗಳು ಬಹಳ ಬೇಗ ಹಿಡಿದುಕೊಳ್ಳುತ್ತವೆ. 2017ರಲ್ಲಿ ಮಾರ್ಬಾನ್ ಅವರ ತಂಡ ಹಂದಿಗಳಲ್ಲಿ ಎರಡು ದಾರಿಗಳನ್ನು ಹೋಲಿಸಿತು: ಹೃದಯಸ್ನಾಯುವಿಗೇ ನೇರವಾಗಿ ಚುಚ್ಚಿದಾಗ ಗಾಯದ ಗಾತ್ರ ತಗ್ಗಿತು, ಹೃದಯದ ರಕ್ತನಾಳದೊಳಕ್ಕೆ ಬಿಟ್ಟಾಗ ಪ್ರಯೋಜನ ಕಾಣಲಿಲ್ಲ. ಹೃದಯದ ಬಾಗಿಲಲ್ಲೇ ಬಿಟ್ಟದ್ದು ಕೆಲಸ ಮಾಡಲಿಲ್ಲವೆಂದ ಮೇಲೆ, ಕೈಯ ನಾಳಕ್ಕೆ ಡ್ರಿಪ್ ಹಾಕುವ ಕ್ಲಿನಿಕ್ ತನ್ನ ಚೀಲಗಳು ಎಲ್ಲಿಗೆ ಹೋಗುತ್ತವೆಂದು ಉತ್ತರಿಸಬೇಕು. ಕೊಲಂಬಿಯಾ ವಿಶ್ವವಿದ್ಯಾಲಯದ ಗೊರ್ಡಾನಾ ವುನ್ಯಾಕ್-ನೊವಾಕೊವಿಚ್ ಅವರ ತಂಡ ಇದಕ್ಕೆ ಹುಡುಕಿದ ಉಪಾಯ ಬೇರೆ: 2018ರಲ್ಲಿ ಅವರು ಚೀಲಗಳನ್ನು ನೀರುಗೂಡಿದ ಮೆತ್ತನೆಯ ಜೆಲ್ ತೇಪೆಯಲ್ಲಿ ತುಂಬಿ ಹೆಗ್ಗಣದ ಹೃದಯದ ಮೇಲೇ ಅಂಟಿಸಿ, ವಾರಗಳ ಕಾಲ ನಿಧಾನವಾಗಿ ಒಸರುವಂತೆ ಮಾಡಿದರು. ಫಲಿತಾಂಶ ಚೆನ್ನಾಗಿತ್ತು. ಮನುಷ್ಯನಲ್ಲಿ ಇದಕ್ಕೆ ಎದೆ ತೆರೆಯಬೇಕಾಗುತ್ತದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಡ್ರಿಪ್ ಮೂಲಕ ಕೊಡುವ ಪ್ರಯೋಗವೂ ಪ್ಯಾರಿಸ್‌ನಲ್ಲಿ ನಡೆದಿದೆ. ಅಲ್ಲಿನ ಹೃದಯ ಶಸ್ತ್ರಚಿಕಿತ್ಸಕ ಫಿಲಿಪ್ ಮೆನಾಶೆ ಅವರು ಈ ಕ್ಷೇತ್ರದ ಎಲ್ಲ ತಿರುವುಗಳನ್ನೂ ತಾವೇ ನಡೆದು ಬಂದವರು: ಮೊದಲು ತೊಡೆಯ ಸ್ನಾಯುವಿನ ಕೋಶಗಳನ್ನು ಹೃದಯಕ್ಕೆ ಹಾಕಿ ನೋಡಿದರು, ನಂತರ ಭ್ರೂಣದ ಆಕರಕೋಶಗಳಿಂದ ಬೆಳೆಸಿದ ಕೋಶಗಳ ತೇಪೆಯನ್ನು ಆರು ರೋಗಿಗಳಿಗೆ ಹಚ್ಚಿದರು, ಕೊನೆಗೆ ಕೋಶಕ್ಕಿಂತ ಅದು ಒಸರಿಸುವುದೇ ಮುಖ್ಯವೆಂಬ ತೀರ್ಮಾನಕ್ಕೆ ಬಂದು ಕಿರುಚೀಲಗಳಿಗೆ ತಿರುಗಿದರು. ವಯಸ್ಕರ ಕೋಶಗಳನ್ನು ಭ್ರೂಣಕೋಶದಂತಹ ಸ್ಥಿತಿಗೆ ಮರಳಿಸಿ, ಅವುಗಳಿಂದ ಎಳೆಯ ಹೃದಯಕೋಶಗಳನ್ನು ಬೆಳೆಸಿ, ಅವು ಬಿಟ್ಟ ಚೀಲಗಳನ್ನು ಸಂಗ್ರಹಿಸಿ ಮೂರು ಬಾರಿ ಡ್ರಿಪ್ ಮೂಲಕ ಕೊಡುವುದು ಅವರ ಪ್ರಯೋಗ. ನಿಮಗೆ ಹೇಳಿದ 'ಮೂರು ಬಾರಿ' ಎಂಬ ಲೆಕ್ಕ ಇಲ್ಲಿಂದ ಎರವಲು ಬಂದಿದ್ದರೂ ಆಶ್ಚರ್ಯವಿಲ್ಲ. ಆದರೆ ಅದು ಬೆರಳೆಣಿಕೆಯ ರೋಗಿಗಳಿಗೆ ಸೀಮಿತವಾದ ಮೊದಲ ಹಂತದ ಪ್ರಯೋಗ. ಅದರ ಮುಖ್ಯ ಪ್ರಶ್ನೆ ಚಿಕಿತ್ಸೆಯಿಂದ ಅಪಾಯವಿದೆಯೇ ಎಂಬುದು, ಗುಣವಾಗುತ್ತದೆಯೇ ಎಂಬುದಲ್ಲ. ಆಯ್ದುಕೊಂಡ ರೋಗಿಗಳೂ ಹೃದಯಾಘಾತವಾದವರಲ್ಲ, ರಕ್ತನಾಳದ ತೊಂದರೆಯಿಲ್ಲದೆ ಹೃದಯಸ್ನಾಯು ಹಿಗ್ಗಿ ಸೋತವರು. ನಿಮ್ಮ ತಂದೆಯವರ ಕಾಯಿಲೆ ಅದಲ್ಲ.

ಮೂರನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕು: ಆ ಸೀಸೆಯಲ್ಲಿ ಏನಿದೆ? ಒಂದು ಮಾತ್ರೆಯಲ್ಲಿ ಇಷ್ಟು ಮಿಲಿಗ್ರಾಂ ಔಷಧ ಇದೆ ಎಂದು ಹೇಳಬಹುದು. ಕಿರುಚೀಲಗಳ ವಿಷಯದಲ್ಲಿ ಯಾವ ಕೋಶ, ಅದನ್ನು ದಾನ ಮಾಡಿದವರ ವಯಸ್ಸೆಷ್ಟು, ಎಷ್ಟು ಸಲ ಬೆಳೆಸಿದ್ದು, ಯಾವ ದ್ರವದಲ್ಲಿ ಬೆಳೆಸಿದ್ದು, ಹೇಗೆ ಬೇರ್ಪಡಿಸಿದ್ದು ಎಂಬ ಪ್ರತಿಯೊಂದರ ಮೇಲೂ ಒಳಗಿನ ಸರಕು ಬದಲಾಗುತ್ತದೆ. ಕೋಶ ಬೆಳೆಸಲು ಬಳಸುವ ಕರುವಿನ ರಕ್ತಸಾರದಲ್ಲೇ ಕರುವಿನ ಕಿರುಚೀಲಗಳಿರುತ್ತವೆ. ಕೊಬ್ಬಿನ ಕಣಗಳೂ ಇದೇ ಗಾತ್ರದವು. ಕಣಗಳನ್ನು ಎಣಿಸುವ ಯಂತ್ರಕ್ಕೆ ಇವು ಒಂದೇ ರೀತಿ ಕಾಣುತ್ತವೆ. ಅದಕ್ಕೇ ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘವು 2014ರಲ್ಲಿ, 2018ರಲ್ಲಿ, ಮತ್ತೆ 2023ರಲ್ಲಿ ಮಾರ್ಗಸೂಚಿ ಹೊರಡಿಸಿ, ಚೀಲಗಳು ಹುಟ್ಟಿದ ದಾರಿಯನ್ನು ಸಾಬೀತುಪಡಿಸದೆ ಎಕ್ಸೋಸೋಮ್ ಎಂಬ ಪದವನ್ನೇ ಬಳಸಬೇಡಿ ಎಂದು ಸಂಶೋಧಕರಿಗೆ ಸಲಹೆ ಕೊಟ್ಟಿದೆ. ಸಂಶೋಧಕರು ಹಿಂಜರಿಯುವ ಪದವನ್ನು ಜಾಹೀರಾತು ಧಾರಾಳವಾಗಿ ಬಳಸುತ್ತಿರುವುದನ್ನು ಗಮನಿಸಿ.

ಇದಕ್ಕೆ ಸೇರಿದ ಇನ್ನೊಂದು ಪ್ರಯೋಗವನ್ನು ಹೇಳದೆ ಬಿಡಲಾರೆ. ಸಿನ್ಸಿನಾಟಿಯ ಜೆಫ್ರಿ ಮೋಲ್ಕೆಂಟಿನ್ ಅವರ ತಂಡ, ಗಾಯಗೊಂಡ ಇಲಿ ಹೃದಯಗಳಲ್ಲಿ ಕೆಲವಕ್ಕೆ ಜೀವಂತ ಆಕರಕೋಶಗಳನ್ನೂ, ಕೆಲವಕ್ಕೆ ಸಾಯಿಸಿದ ಕೋಶಗಳನ್ನೂ, ಇನ್ನು ಕೆಲವಕ್ಕೆ ಯೀಸ್ಟಿನ ಕೋಶಭಿತ್ತಿಯಿಂದ ತೆಗೆದ ಒಂದು ರಾಸಾಯನಿಕವನ್ನೂ ಚುಚ್ಚಿತು. ಮೂರರಲ್ಲೂ ಹೃದಯದ ಕೆಲಸ ಸುಧಾರಿಸಿತು. ಚುಚ್ಚಿದ ವಸ್ತುವಿಗೆ ಮ್ಯಾಕ್ರೋಫೇಜ್‌ಗಳು ಕೊಟ್ಟ ಪ್ರತಿಕ್ರಿಯೆಯೇ ಕಲೆಯ ಗುಣವನ್ನು ಬದಲಿಸಿತ್ತು. 2020ರಲ್ಲಿ ಪ್ರಕಟವಾದ ಈ ಕೆಲಸವನ್ನು ಓದಿದ ಮೇಲೆ, ಹೋಲಿಕೆಯ ಗುಂಪಿಲ್ಲದ ಯಾವ ಸುಧಾರಣೆಯನ್ನೂ ನಾನು ಆಕರಕೋಶದ ಖಾತೆಗೆ ಬರೆಯುವುದಿಲ್ಲ. ಕ್ಲಿನಿಕ್‌ನವರು ಹಿಂದಿನ ರೋಗಿಗಳ ಎಕೋ ತೋರಿಸಿ ಪಂಪಿಂಗ್ 32ರಿಂದ 37ಕ್ಕೆ ಏರಿದೆ ಎನ್ನಬಹುದು. ಒಬ್ಬರೇ ರೋಗಿಯನ್ನು ಒಂದೇ ವಾರದಲ್ಲಿ ಇಬ್ಬರು ತಂತ್ರಜ್ಞರು ನೋಡಿದರೂ ಐದು ಅಂಕಗಳ ವ್ಯತ್ಯಾಸ ಬರುವುದುಂಟು. ಜೊತೆಗೆ ಸರಿಯಾದ ಮಾತ್ರೆಗಳಿಂದ ಪಂಪಿಂಗ್ ತಾನಾಗಿ ಏರುವುದೂ ಉಂಟು.

ಕಾನೂನಿನ ಮಾತು ಚಿಕ್ಕದು. ಆಕರಕೋಶದಿಂದ ತಯಾರಿಸಿ ಔಷಧವಾಗಿ ಬಳಸುವ ಉತ್ಪನ್ನವನ್ನು ಭಾರತದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಹೊಸ ಔಷಧವೆಂದೇ ಪರಿಗಣಿಸುತ್ತವೆ. ಕೇಂದ್ರದ ಔಷಧ ನಿಯಂತ್ರಕರ ಅನುಮತಿ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂತಹ ಸ್ಥಾಪಿತ ಚಿಕಿತ್ಸೆಯನ್ನು ಬಿಟ್ಟರೆ, ಆಕರಕೋಶಗಳನ್ನು ಅನುಮತಿ ಪಡೆದ ಪ್ರಯೋಗದ ಹೊರಗೆ ರೋಗಿಗಳಿಗೆ ಕೊಡುವಂತಿಲ್ಲ. ಅಂತಹ ಪ್ರಯೋಗ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಸಾರ್ವಜನಿಕವಾಗಿ ದಾಖಲಾಗಿರುತ್ತದೆ. ಆ ನೋಂದಣಿ ಸಂಖ್ಯೆಯನ್ನು ಕೇಳಿ. ಸಂಖ್ಯೆ ಕೊಟ್ಟರೂ, ಪರೀಕ್ಷಿಸಲ್ಪಡುತ್ತಿರುವ ಔಷಧಕ್ಕೆ ರೋಗಿಯಿಂದ ಆರು ಲಕ್ಷ ಕೇಳುವುದು ಪ್ರಯೋಗದ ರೀತಿಯಲ್ಲ. ಅಪಾಯವೂ ಹಣದ್ದು ಮಾತ್ರವಲ್ಲ: ಅಮೆರಿಕದ ನೆಬ್ರಾಸ್ಕಾದಲ್ಲಿ ಎಕ್ಸೋಸೋಮ್ ಎಂದು ಮಾರಿದ ಅನುಮತಿಯಿಲ್ಲದ ಉತ್ಪನ್ನಗಳಿಂದ ರೋಗಿಗಳಿಗೆ ಗಂಭೀರ ತೊಂದರೆಯಾದ ಮೇಲೆ, ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2019ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು.

ಇನ್ನು ನಿಮ್ಮ ತಂದೆಯವರ ಮಾತು. ಕ್ಲಿನಿಕ್ ಮಾತು ಕೇಳುವ ಮೊದಲು ಅವರ ಔಷಧ ಚೀಟಿಯನ್ನು ಎದುರಿಗಿಟ್ಟುಕೊಳ್ಳಿ. ಪಂಪಿಂಗ್ ಶೇ 40ಕ್ಕಿಂತ ಕಡಿಮೆ ಇರುವವರಿಗೆ ಇಂದು ನಾಲ್ಕು ಬಗೆಯ ಮಾತ್ರೆಗಳು ಆಯುಷ್ಯವನ್ನು ಹೆಚ್ಚಿಸುತ್ತವೆ ಎಂಬುದಕ್ಕೆ ಗಟ್ಟಿಯಾದ ಸಾಕ್ಷ್ಯವಿದೆ. ಒಂದು, ಸಾಕ್ಯುಬಿಟ್ರಿಲ್-ವಾಲ್ಸಾರ್ಟನ್, ಅದು ಆಗದಿದ್ದರೆ ರಾಮಿಪ್ರಿಲ್‌ನಂತಹದು. ಎರಡು, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್ ಅಥವಾ ಕಾರ್ವೆಡಿಲಾಲ್. ಮೂರು, ಸ್ಪೈರೊನೊಲ್ಯಾಕ್ಟೋನ್ ಅಥವಾ ಎಪ್ಲೆರೆನೋನ್. ನಾಲ್ಕು, ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್. ಕೊನೆಯದು ಸಕ್ಕರೆ ಕಾಯಿಲೆಯ ಮಾತ್ರೆಯೆಂದು ಅಂಗಡಿಯಲ್ಲಿ ಯಾರಾದರೂ ಹೇಳಿದರೆ ಗಾಬರಿಯಾಗಬೇಡಿ. ಸಕ್ಕರೆ ಕಾಯಿಲೆ ಇಲ್ಲದವರ ಹೃದಯಕ್ಕೂ ಅದು ನೆರವಾಗುತ್ತದೆ. 2019ರಲ್ಲಿ 4,744 ರೋಗಿಗಳಲ್ಲಿ ನಡೆದ ಡಾಪಾಗ್ಲಿಫ್ಲೋಜಿನ್ ಪ್ರಯೋಗದಲ್ಲಿ, ಹೃದಯ ವೈಫಲ್ಯ ಉಲ್ಬಣಿಸುವ ಅಥವಾ ಹೃದಯದ ಕಾರಣದಿಂದ ಸಾವು ಬರುವ ಸಾಧ್ಯತೆ ಶೇ 26ರಷ್ಟು ತಗ್ಗಿತು. ಈ ನಾಲ್ಕೂ ಚೀಟಿಯಲ್ಲಿವೆಯೇ, ಇಲ್ಲದಿದ್ದರೆ ಏಕಿಲ್ಲ, ಪ್ರಮಾಣವನ್ನು ಹಂತ ಹಂತವಾಗಿ ಏರಿಸಿದ್ದಾರೆಯೇ ಎಂದು ಹೃದ್ರೋಗ ತಜ್ಞರನ್ನು ಕೇಳಿ. ರಕ್ತದೊತ್ತಡ, ಮೂತ್ರಪಿಂಡದ ಸ್ಥಿತಿ, ಪೊಟ್ಯಾಸಿಯಂ ನೋಡಿ ಅವರು ತೀರ್ಮಾನಿಸುತ್ತಾರೆ. ನೀವಾಗಿ ಯಾವುದನ್ನೂ ಸೇರಿಸಬೇಡಿ, ಬಿಡಬೇಡಿ.

ಇನ್ನೊಂದು ಪ್ರಶ್ನೆಯನ್ನು ತಪ್ಪದೆ ಕೇಳಿ. ಹೃದಯಾಘಾತವಾಗಿ ನಲವತ್ತು ದಿನ ದಾಟಿ, ಮೂರು ತಿಂಗಳು ಸರಿಯಾದ ಔಷಧ ತೆಗೆದುಕೊಂಡ ನಂತರವೂ ಪಂಪಿಂಗ್ ಶೇ 35 ಅಥವಾ ಅದಕ್ಕಿಂತ ಕೆಳಗಿದ್ದರೆ, ಕಲೆಯ ಅಂಚಿನಿಂದ ಏಳುವ ಅಪಾಯಕಾರಿ ಬಡಿತ ಹಠಾತ್ ಸಾವಿಗೆ ಕಾರಣವಾಗಬಹುದು. ಅದನ್ನು ಗುರುತಿಸಿ ಒಳಗಿಂದಲೇ ಶಾಕ್ ಕೊಟ್ಟು ನಿಲ್ಲಿಸುವ ಐಸಿಡಿ ಎಂಬ ಸಾಧನ ನಿಮ್ಮ ತಂದೆಯವರಿಗೆ ಬೇಕೇ ಎಂಬುದು ಈಗ ನಿಜವಾಗಿಯೂ ಚರ್ಚಿಸಬೇಕಾದ ಮಾತು. ಆರು ಲಕ್ಷದ ಯೋಚನೆಯಲ್ಲಿ ಇದು ಮರೆತುಹೋದರೆ ನಷ್ಟ ಬಹಳ ದೊಡ್ಡದು. ವೈದ್ಯರ ಸಲಹೆಯಂತೆ ದಿನವೂ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹೋಗುವ ನಡಿಗೆಯೂ ಏದುಸಿರನ್ನು ತಗ್ಗಿಸುತ್ತದೆ.

ಆ ಒಂಬತ್ತು ಗಂಟೆಗಳ ಬಗ್ಗೆ ನೀವು ನಿಮ್ಮನ್ನೇ ದೂಷಿಸಿಕೊಳ್ಳುತ್ತಿದ್ದೀರಿ ಎಂದು ನಿಮ್ಮ ಪತ್ರದ ಧಾಟಿಯಿಂದ ಅನ್ನಿಸಿತು. ಮಲೆನಾಡಿನ ದಾರಿ, ರಾತ್ರಿಯ ಹೊತ್ತು, ಎದೆಯುರಿ ಇರಬಹುದೆಂಬ ಊಹೆ, ಇವು ಎಲ್ಲ ಮನೆಗಳಲ್ಲೂ ಆಗುವಂತಹವು. ಆದರೆ ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಇನ್ನೊಬ್ಬರಿಗೆ ಎದೆನೋವು ಬಂದರೆ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ: ರಾಜ್ಯದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಮೊದಲ ಗಂಟೆಗಳಲ್ಲಿ ಆ ಮದ್ದು ಉಳಿಸುವಷ್ಟು ಸ್ನಾಯುವನ್ನು ಕಿರುಚೀಲಗಳ ಯಾವ ಪ್ರಯೋಗವೂ ಇದುವರೆಗೆ ಮನುಷ್ಯನಲ್ಲಿ ಉಳಿಸಿ ತೋರಿಸಿಲ್ಲ.

ನಾಳೆಯಿಂದಲೇ ಮಾಡಬಹುದಾದದ್ದು ಒಂದಿದೆ. ಒಂದು ತೂಕದ ಯಂತ್ರ ತನ್ನಿ. ತಂದೆಯವರು ಬೆಳಿಗ್ಗೆ ಮೂತ್ರ ವಿಸರ್ಜಿಸಿದ ಮೇಲೆ, ತಿಂಡಿಗೆ ಮುಂಚೆ, ದಿನವೂ ತೂಕ ನೋಡಿ ಪುಸ್ತಕದಲ್ಲಿ ಬರೆಯಲಿ. ಉಪ್ಪು ಮೈಯಲ್ಲಿ ನೀರನ್ನು ನಿಲ್ಲಿಸುವುದರಿಂದ ಹಪ್ಪಳ, ಉಪ್ಪಿನಕಾಯಿ, ಮಿಡಿ ಮಾವಿನ ನೀರು ಊಟದ ಎಲೆಯಿಂದ ದೂರವಿರಲಿ. ಮೂರು ದಿನಗಳಲ್ಲಿ ತೂಕ ಎರಡು ಕಿಲೋ ಏರಿದರೆ ಅದು ಮೈಯಲ್ಲಿ ನಿಂತ ನೀರು. ಕಾಲು ಊದುವವರೆಗೆ, ಮುಂದಿನ ತಪಾಸಣೆಯ ದಿನಾಂಕದವರೆಗೆ ಕಾಯದೆ ಅಂದೇ ವೈದ್ಯರಿಗೆ ಫೋನ್ ಮಾಡಿ.